ತಕ್ಕಡಿ ಹೊತ್ತೊಯ್ಯುವ ಶಿಕ್ಷೆ ನಿಲ್ಲಲಿ

ಮಾನ್ಯ ಸಂಪಾದಕರೇ,

ಪಾದಚಾರಿ ಮಾರ್ಗಗಳ ತೆರವಿನ ಬಗ್ಗೆ ನಿಮ್ಮ ವಾಚಕರ ವಿಭಾಗದಲ್ಲಿ ಪ್ರಕಟವಾಗುತ್ತಿರುವ ಪತ್ರಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ನಡೆಯುವವರಿಗೆ ಜಾಗ ಬೇಕು ಎಂಬ ವಾದದಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಗಾಲಿಕುರ್ಚಿಯಲ್ಲಿ ಹೋಗುವವರು, ಮಗುವನ್ನು ಎತ್ತಿಕೊಂಡವರು, ವಯಸ್ಸಾದವರು ರಸ್ತೆಗಿಳಿದು ವಾಹನಗಳ ನಡುವೆ ನಡೆಯುವಂತಾಗಬಾರದು. ಆದರೆ ಆ ಪತ್ರಗಳಲ್ಲಿ ಪದೇ ಪದೇ ಕಾಣುವ ಒಂದು ಸಲಹೆಯನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಬೀದಿಬದಿ ವ್ಯಾಪಾರಿಗಳ ಸರಕನ್ನೂ ಸಲಕರಣೆಗಳನ್ನೂ ಹೊತ್ತೊಯ್ದರೆ ಅವರು ತಾವಾಗಿಯೇ ದಾರಿಗೆ ಬರುತ್ತಾರೆ ಎಂಬುದು ಆ ಸಲಹೆ. ಹಾಗೆ ಬರೆದವರು ಈ ವ್ಯಾಪಾರದ ಒಂದೇ ಒಂದು ದಿನದ ಲೆಕ್ಕವನ್ನೂ ಹತ್ತಿರದಿಂದ ನೋಡಿರಲಾರರು. ನಮ್ಮ ತಾಯಿ ಇಪ್ಪತ್ತಾರು ವರ್ಷ ರಸ್ತೆಬದಿಯಲ್ಲಿ ಸೊಪ್ಪು, ತರಕಾರಿ ಮಾರಿದರು. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಅವರ ಪಕ್ಕ ಕುಳಿತಿದ್ದೆ. ಅವರ ಮಂಡಿನೋವು ಹೆಚ್ಚಾದ ಮೇಲೆ ಏಳು ವರ್ಷ ಅದೇ ಜಾಗದಲ್ಲಿ ನಾನೇ ಮಾರಿದೆ. ಈಗ ಬೇರೆಯವರ ಅಂಗಡಿಗಳ ಲೆಕ್ಕ ಬರೆದು ಜೀವನ ನಡೆಸುತ್ತಿರುವುದರಿಂದ, ಆ ದಿನಗಳ ಲೆಕ್ಕವನ್ನು ಕಾಗದದ ಮೇಲೆ ಇಟ್ಟು ನೋಡುವ ಅಭ್ಯಾಸವೂ ನನಗಾಗಿದೆ.

ಈ ವ್ಯಾಪಾರದ ದಿನ ಬೆಳಗಿನ ಜಾವ ಮೂರೂವರೆಗೆ ಶುರುವಾಗುತ್ತದೆ. ಸಗಟು ಮಂಡಿಯಲ್ಲಿ ಬೇಗ ಹೋದವರಿಗೆ ಒಳ್ಳೆಯ ಮಾಲು ಸಿಗುತ್ತದೆ, ದರ ಮಾತ್ರ ಏರಿರುತ್ತದೆ. ತಡವಾಗಿ ಹೋದವರಿಗೆ ದರ ಇಳಿದಿರುತ್ತದೆ, ಆದರೆ ಉಳಿದ ಮಾಲು ಬಾಡಿರುತ್ತದೆ. ಮೂಟೆಯ ಬಾಯಿ ಬಿಚ್ಚಿ ಮೇಲಿನದನ್ನು ತೋರಿಸುತ್ತಾರೆಯೇ ಹೊರತು ತಳದಲ್ಲಿ ಏನಿದೆಯೆಂದು ನೋಡಲು ಯಾರೂ ಬಿಡುವುದಿಲ್ಲ. ಅದು ಗೊತ್ತಾಗುವುದು ಹಮಾಲಿ ಕೊಟ್ಟು, ನಾಲ್ಕು ಜನ ಸೇರಿ ಮಾಡಿದ ವಾಹನದ ಬಾಡಿಗೆಯಲ್ಲಿ ತಮ್ಮ ಪಾಲು ಕೊಟ್ಟು, ಜಾಗಕ್ಕೆ ಬಂದು ಮೂಟೆ ಸುರಿದ ಮೇಲೆಯೇ. ಆಗ ವಿಂಗಡಿಸುವ ಕೆಲಸ ಆರಂಭವಾಗುತ್ತದೆ: ಗಟ್ಟಿಯಾದದ್ದು ಒಂದು ಕಡೆ, ಇವತ್ತೇ ಹೋಗಬೇಕಾದದ್ದು ಒಂದು ಕಡೆ, ಒಡೆದದ್ದು, ಕೊಳೆತದ್ದು ಒಂದು ಕಡೆ. ಆ ಮೂರನೆಯ ರಾಶಿಗೂ ದುಡ್ಡು ಕೊಟ್ಟೇ ತಂದಿರುತ್ತೇವೆ ಎಂಬುದನ್ನು ಚೌಕಾಸಿ ಮಾಡುವ ಗಿರಾಕಿ ಊಹಿಸಿರುವುದಿಲ್ಲ.

ಆ ಮೇಲಿನ ಇಡೀ ದಿನ ಬಿಸಿಲಿನ ಜೊತೆಗಿನ ಓಟ. ಸೊಪ್ಪಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಗಂಟೆಗೊಮ್ಮೆ ನೀರು ಚಿಮುಕಿಸಿ, ನೆರಳು ಸರಿದಂತೆ ಬುಟ್ಟಿಯನ್ನೂ ಸರಿಸುತ್ತಾ, ದರವನ್ನು ಹೊತ್ತಿಗೆ ತಕ್ಕಂತೆ ಇಳಿಸುತ್ತಾ ಹೋಗಬೇಕು. ಬೆಳಗಿನ ದರ, ಮಧ್ಯಾಹ್ನದ ದರ, ದೀಪ ಹಚ್ಚುವ ಹೊತ್ತಿನ ದರ ಎಂದು ಮೂರಿರುತ್ತವೆ, ಕೊನೆಯದಂತೂ ಕೊಂಡ ದರಕ್ಕಿಂತ ಕಡಿಮೆಯಾಗಿರುವುದೇ ಹೆಚ್ಚು. ನಮ್ಮ ತಾಯಿ ಓದು ಬರಹ ಕಲಿತವರಲ್ಲ. ಆದರೆ ಬುಟ್ಟಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದರೆ ಸಾಕು, ಸೊಂಟದ ಚೀಲದಲ್ಲಿ ಎಷ್ಟಿದೆ ಎಂದು ಎಣಿಸದೆ ಹೇಳುತ್ತಿದ್ದರು. ಅವರು ನನಗೆ ಕಲಿಸಿದ ಮೊದಲ ಪಾಠವೂ ಲೆಕ್ಕದ್ದೇ. ಬುಟ್ಟಿಯ ಮುಕ್ಕಾಲು ಭಾಗ ಮಾರಿದಾಗ ಹಾಕಿದ ಅಸಲು ಕೈಗೆ ಬರುತ್ತದೆ. ಮನೆಗೆ ಒಯ್ಯುವ ಕೂಲಿ ಇರುವುದು ಕೊನೆಯ ಕಾಲು ಭಾಗದಲ್ಲಿ, ಅಂದರೆ ಎಲ್ಲಕ್ಕಿಂತ ಬೇಗ ಬಾಡುವ, ಎಲ್ಲಕ್ಕಿಂತ ಅಗ್ಗಕ್ಕೆ ಹೋಗುವ ಭಾಗದಲ್ಲಿ.

ತೆರವಿನ ವಾಹನ ಬರುವ ಹೊತ್ತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕೆಂದು ನಾನು ಓದುಗರನ್ನು ಕೇಳಿಕೊಳ್ಳುತ್ತೇನೆ. ಸಂಜೆ ನಾಲ್ಕಕ್ಕೆ ಬಂದು ಬುಟ್ಟಿ ಎತ್ತಿಕೊಂಡು ಹೋದರೆ ಹನ್ನೆರಡು ಗಂಟೆಯ ದುಡಿಮೆಯ ಕೂಲಿ ಅಷ್ಟೂ ಹೋಯಿತು. ಬೋಣಿ ಆಗುವ ಮೊದಲೇ ಬಂದರೆ ಅಸಲೇ ಹೋಯಿತು. ಅಂಗಡಿ ಇಟ್ಟವರಿಗೆ ದಂಡ ಬಿದ್ದರೆ ಅದು ಲಾಭದಲ್ಲಿ ಒಂದು ಪಾಲು ಕಡಿಮೆಯಾದಂತೆ. ಕಪಾಟಿನ ಸರಕು ಅಲ್ಲೇ ಇರುತ್ತದೆ, ಮರುದಿನ ಬಾಗಿಲು ತೆರೆಯಬಹುದು. ಬೀದಿ ವ್ಯಾಪಾರಿಯ ಅಂಗಡಿ, ಗೋದಾಮು, ಬ್ಯಾಂಕ್ ಖಾತೆ ಎಲ್ಲವೂ ಆ ಬುಟ್ಟಿಯೊಳಗೇ ಇರುತ್ತವೆ. ಅಸಲು ನೂರು ಎಂದಿಟ್ಟುಕೊಳ್ಳೋಣ. ಮನೆಯ ಖರ್ಚು ಕಳೆದು ದಿನಕ್ಕೆ ಮೂರು ಉಳಿಸಬಲ್ಲ ವ್ಯಾಪಾರಿ ಒಳ್ಳೆಯ ವ್ಯಾಪಾರಿಯೇ. ಅಂಥವರೂ ಕಳೆದುಹೋದ ನೂರನ್ನು ಮತ್ತೆ ಕೂಡಿಸಲು ಒಂದು ದಿನವೂ ತಪ್ಪದೆ ಮೂವತ್ತನಾಲ್ಕು ದಿನ ದುಡಿಯಬೇಕು. ಆದರೆ ಆ ಮೂವತ್ತನಾಲ್ಕು ದಿನ ದುಡಿಯುವುದಕ್ಕೂ ನಾಳೆ ಬೆಳಿಗ್ಗೆ ಮಂಡಿಯಲ್ಲಿ ಕೊಡಲು ಕೈಯಲ್ಲಿ ನೂರು ಇರಬೇಕಲ್ಲ! ಆಗ ಸಿಗುವುದು ದಿನಬಡ್ಡಿಯ ಸಾಲ ಒಂದೇ.

ದಿನಬಡ್ಡಿ ಎಂದರೆ ಏನೆಂದು ತಿಳಿಯದವರಿಗಾಗಿ ಹೇಳುತ್ತೇನೆ: ಬೆಳಿಗ್ಗೆ ಪಡೆದ ಹಣವನ್ನು ಸಂಜೆ ಬಡ್ಡಿ ಸಮೇತ ಹಿಂದಿರುಗಿಸುವುದು, ಮರುದಿನ ಬೆಳಿಗ್ಗೆ ಮತ್ತೆ ಪಡೆಯುವುದು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು ಚೆನ್ನೈನ ಹಣ್ಣು ಮಾರುವವರ ವಿಷಯದಲ್ಲಿ ದಾಖಲಿಸಿರುವ ಬಡ್ಡಿ ದಿನಕ್ಕೆ ಶೇ 4.7ರ ಆಸುಪಾಸಿನದು. ದಿನಕ್ಕೆ ಶೇ 5 ಎಂದೇ ಹಿಡಿದು, ಸಾಲವನ್ನು ತೀರಿಸದೆ ಬಡ್ಡಿಯ ಮೇಲೆ ಬಡ್ಡಿ ಬೆಳೆಯಲು ಬಿಟ್ಟರೆ ನೂರರ ಸಾಲ ಮೂವತ್ತು ದಿನದಲ್ಲಿ 430 ದಾಟುತ್ತದೆ. ಪ್ರತಿ ಸಂಜೆ ತೀರಿಸುತ್ತಾ ಹೋದರೂ ದಿನಕ್ಕೆ ಐದು ಕೊಡಬೇಕು, ಉಳಿಯುತ್ತಿದ್ದದ್ದೇ ಮೂರು. ಹೀಗಾಗಿ ಒಮ್ಮೆ ಅಸಲು ಕಳೆದುಕೊಂಡವರು ಮತ್ತೆ ಸ್ವಂತ ಅಸಲಿನ ಮೇಲೆ ನಿಲ್ಲುವುದು ಅಪರೂಪ. ಒಂದು ಮಧ್ಯಾಹ್ನದ ಜಪ್ತಿ ಅವರನ್ನು ವರ್ಷಗಟ್ಟಲೆ ಸಾಲಗಾರರನ್ನಾಗಿ ಮಾಡುತ್ತದೆ. ನಿಂತ ಜಾಗ ತಪ್ಪು ಎಂಬ ಸಣ್ಣ ಅಪರಾಧಕ್ಕೆ ಇಷ್ಟು ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಬಾಯಿಬಿಟ್ಟು ವಿಧಿಸುವುದಿಲ್ಲ. ಆದರೂ ಅದು ಪ್ರತಿದಿನ ಜಾರಿಯಾಗುತ್ತಿದೆ, ಅದೂ ವಿಚಾರಣೆಯಿಲ್ಲದೆ.

ನಮ್ಮ ಮನೆಯಲ್ಲಿ ಇದು ನಡೆದದ್ದು ಬುಟ್ಟಿಯಿಂದಲ್ಲ, ತಕ್ಕಡಿಯಿಂದ. ನಾನು ಆಗ ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ತಾಯಿ ಕೂರುತ್ತಿದ್ದ ರಸ್ತೆಯಲ್ಲಿ ಎಲ್ಲರೂ ಸರಕನ್ನು ಟಾರ್ಪಾಲಿನ ಮೇಲೆ ಹರಡಿ, ಅದರ ನಾಲ್ಕು ಮೂಲೆಗೂ ಹಗ್ಗ ಕಟ್ಟಿಟ್ಟುಕೊಳ್ಳುತ್ತಿದ್ದರು. ತಿರುವಿನಲ್ಲಿ ಕೂತವರು ಸೀಟಿ ಹೊಡೆದರೆ ಸಾಕು, ನಾಲ್ಕೂ ಹಗ್ಗ ಒಟ್ಟಿಗೆ ಎಳೆದು, ಗಂಟನ್ನು ಹೆಗಲಿಗೇರಿಸಿ ಗಲ್ಲಿಯೊಳಗೆ ಮರೆಯಾಗುತ್ತಿದ್ದರು. ಅಂದು ಮಧ್ಯಾಹ್ನ ಸೀಟಿ ಬಿದ್ದಾಗ ನಮ್ಮ ತಾಯಿ ಜಾಗದಲ್ಲಿರಲಿಲ್ಲ. ಶೌಚಾಲಯ ಇದ್ದದ್ದು ಎರಡು ರಸ್ತೆ ದಾಟಿ. ಇದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಅಷ್ಟು ದೂರ ಹೋಗುವುದು ತಪ್ಪಲಿ ಎಂದು ರಸ್ತೆಬದಿಯ ಹೆಂಗಸರು ಬಿಸಿಲಿನಲ್ಲಿ ಕೂತೂ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅದರ ಕಾಯಿಲೆಗಳನ್ನು ನಡುವಯಸ್ಸಿನಲ್ಲಿ ಅನುಭವಿಸುತ್ತಾರೆ. ಪಕ್ಕದಲ್ಲಿ ಕೂರುತ್ತಿದ್ದವರು ತಮ್ಮ ಗಂಟಿನ ಜೊತೆಗೆ ನಮ್ಮ ಬುಟ್ಟಿಯನ್ನೂ ಎಳೆದುಕೊಂಡು ಓಡಿದರು. ತಕ್ಕಡಿ ಮಾತ್ರ ಅವರ ಕೈಗೆ ಎಟುಕಲಿಲ್ಲ. "ಅಕ್ಕಾ, ತಕ್ಕಡಿ ಹೋಯ್ತಲ್ಲಕ್ಕಾ" ಎಂದು ಅವರು ಅಳುತ್ತಿದ್ದುದನ್ನು ಶಾಲೆಯಿಂದ ಬಂದ ನಾನು ಕಂಡೆ. ನಮ್ಮ ತಾಯಿಯೇ ಅವರನ್ನು ಸಮಾಧಾನಪಡಿಸುತ್ತಿದ್ದರು.

ಅದು ಹಳೆಯ ಕಾಲದ, ಎರಡು ತಟ್ಟೆಯ ಕೈತಕ್ಕಡಿ. ಜೊತೆಗೆ ಮುದ್ರೆ ಹಾಕಿಸಿದ ಐದು ಕಬ್ಬಿಣದ ಬಟ್ಟುಗಳು. ಅದನ್ನು ಒಯ್ದವರು ರಸೀದಿ ಕೊಡಲಿಲ್ಲ. ರಸೀದಿ ಇಲ್ಲದ ಕಾರಣ ಎಲ್ಲಿ ಕೇಳಬೇಕೆಂಬುದೂ ತಿಳಿಯಲಿಲ್ಲ. ಒಂದು ಕಡೆ ಹೋದರೆ ಇನ್ನೊಂದು ಕಡೆಗೆ ಕಳುಹಿಸಿದರು. ಕೇಳಲು ಹೋದ ಪ್ರತಿ ಬಾರಿಯೂ ಅರ್ಧ ದಿನದ ವ್ಯಾಪಾರ ಹಾಳಾಯಿತು. ಮೂರನೆಯ ಸಲ, ಹನ್ನೊಂದು ದಿನಗಳ ನಂತರ, ದಂಡ ಕಟ್ಟಿ ಬಿಡಿಸಿಕೊಂಡು ಬಂದ ತಕ್ಕಡಿಯ ದಂಡಿಗೆ ಬಾಗಿತ್ತು, ಅರ್ಧ ಕಿಲೋ ಬಟ್ಟು ಕಾಣೆಯಾಗಿತ್ತು.

ಆ ಹನ್ನೊಂದು ದಿನ ನಮ್ಮ ತಾಯಿ ಗುಡ್ಡೆ ಲೆಕ್ಕದಲ್ಲಿ ಮಾರಿದರು. ತೂಕವಿಲ್ಲದೆ ಗುಡ್ಡೆ ಹಾಕಿ ಮಾರುವುದು ಸುಲಭವೆಂದು ದೂರದಿಂದ ನೋಡಿದವರಿಗೆ ಅನ್ನಿಸಬಹುದು. ತಕ್ಕಡಿ ಇಲ್ಲದವರ ಬಗ್ಗೆ ಗಿರಾಕಿಗೆ ಮೊದಲೇ ಅನುಮಾನ ಇರುವುದರಿಂದ ಗುಡ್ಡೆಯನ್ನು ದೊಡ್ಡದು ಮಾಡಲೇಬೇಕು. ದೊಡ್ಡದು ಮಾಡಿದ ಮೇಲೂ ಅವರು ಈ ಗುಡ್ಡೆಯದನ್ನು ಆ ಗುಡ್ಡೆಗೆ ಹಾಕಿ ಆರಿಸುತ್ತಾರೆ, ಮೇಲೊಂದು ಕೊಸರು ಕೇಳುತ್ತಾರೆ. ಕಿಲೋಗಟ್ಟಲೆ ಕೊಳ್ಳುತ್ತಿದ್ದ ಖಾಯಂ ಗಿರಾಕಿಗಳು, ಅವರದೇನೂ ತಪ್ಪಿಲ್ಲ, ತೂಗಿ ಕೊಡುವವರ ಬಳಿಗೆ ಹೋದರು. ಅವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ತಕ್ಕಡಿ ಮರಳಿ ಬಂದ ಮೇಲೂ ಅರ್ಧ ಕಿಲೋ ತೂಗಲು ನಮ್ಮ ತಾಯಿ ಚಿಕ್ಕ ಬಟ್ಟುಗಳನ್ನು ಕೂಡಿಸಿ ಇಡುತ್ತಿದ್ದಾಗ, ಹೊಸಬರು ಅವರ ಕೈಯನ್ನೇ ನೋಡುತ್ತಾ ನಿಲ್ಲುತ್ತಿದ್ದುದು ನನಗೆ ನೆನಪಿದೆ. ಒಂದು ದಿನವೂ ತೂಕದಲ್ಲಿ ಮೋಸ ಮಾಡದ ಹೆಂಗಸಿಗೆ ಆ ನೋಟ ಎಷ್ಟು ನೋವು ಕೊಟ್ಟಿತೆಂದು ಬರೆಯಲು ನನಗೆ ಈಗಲೂ ಕಷ್ಟವಾಗುತ್ತದೆ.

ಇದು ಒಂದು ಮನೆಯ ಕಥೆ ಎಂದು ತಳ್ಳಿಹಾಕುವವರಿಗೆ ಇನ್ನೊಂದು ತಕ್ಕಡಿಯನ್ನು ನೆನಪಿಸಬೇಕಾಗಿದೆ. ಟ್ಯುನೀಷಿಯಾ ದೇಶದ ಸಿದಿ ಬೂಜಿದ್ ಎಂಬ ಊರಿನಲ್ಲಿ 2010ರ ಡಿಸೆಂಬರ್ 17ರಂದು, ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ 26 ವರ್ಷದ ಮೊಹಮ್ಮದ್ ಬುಅಜೀಜಿಯ ಸರಕನ್ನೂ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಅಧಿಕಾರಿಗಳು ಕಿತ್ತುಕೊಂಡರು. ಅವನು ಆ ಪ್ರಾಂತ್ಯದ ಗವರ್ನರ್ ಕಚೇರಿಗೆ ಹೋಗಿ ದೂರು ಹೇಳಿಕೊಳ್ಳಲು ನೋಡಿದ, ಕೇಳುವವರು ಸಿಗಲಿಲ್ಲ. ಅದೇ ಕಚೇರಿಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡ. 2011ರ ಜನವರಿ 4ರಂದು ಅವನು ತೀರಿಕೊಂಡ. ಹತ್ತು ದಿನಗಳ ಬಳಿಕ, ಜನವರಿ 14ರಂದು, ಆ ಘಟನೆಯಿಂದ ಸಿಡಿದೆದ್ದ ಜನರ ಬಂಡಾಯಕ್ಕೆ ಹೆದರಿ, ಇಪ್ಪತ್ತಮೂರು ವರ್ಷ ಆಳಿದ್ದ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಅಲ್ಲಿಂದ ಬೇರೆ ಅರಬ್ ದೇಶಗಳಿಗೂ ಹಬ್ಬಿದ ಆ ಬಂಡಾಯದ ಬಗ್ಗೆ ಬರೆದವರೆಲ್ಲ ರಾಜಕೀಯದ ಕಾರಣಗಳನ್ನು ವಿವರವಾಗಿ ಚರ್ಚಿಸಿದ್ದಾರೆ, ಅದು ಸರಿಯೇ. ಆದರೆ ರಸ್ತೆಬದಿಯಲ್ಲಿ ಮಾರಿದ ಯಾರಿಗಾದರೂ ಆ ಸುದ್ದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ತಕ್ಕಡಿ. ಅದನ್ನು ಕಳೆದುಕೊಂಡು ದೂರು ಹೇಳಲು ಹೋದಾಗ ಬಾಗಿಲು ತೆರೆಯದಿದ್ದರೆ ಏನನ್ನಿಸುತ್ತದೆ ಎಂಬುದು ಅವರಿಗೆ ಗೊತ್ತು.

ಜಗತ್ತಿನಲ್ಲಿ ಇಂಥ ಕೆಲಸಗಾರರು ಬೆರಳೆಣಿಕೆಯಷ್ಟಿಲ್ಲ. ದುಡಿಯುವ ಜನರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ, ಅಂದರೆ ಸುಮಾರು 200 ಕೋಟಿ ಜನ, ಅಸಂಘಟಿತ ದುಡಿಮೆಯಲ್ಲಿದ್ದಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರ ವರದಿಯಲ್ಲಿ ಹೇಳಿದೆ. ಬೀದಿ ವ್ಯಾಪಾರಿಗಳು ಅದರ ಕಣ್ಣಿಗೆ ಕಾಣುವ ಭಾಗ. ಅದೇ ಸಂಘಟನೆ 2015ರಲ್ಲಿ ಅಂಗೀಕರಿಸಿದ 204ನೆಯ ಶಿಫಾರಸು, ಜೀವನೋಪಾಯಕ್ಕಾಗಿ ಸಾರ್ವಜನಿಕ ಜಾಗವನ್ನು ನಿಯಮಬದ್ಧವಾಗಿ ಬಳಸುವ ಅವಕಾಶವನ್ನು ಸರ್ಕಾರಗಳು ತಮ್ಮ ನೀತಿಯಲ್ಲಿ ಸೇರಿಸಬೇಕೆಂದು ಹೇಳುತ್ತದೆ.

ಕಾನೂನು ಇಲ್ಲ ಎನ್ನುವಂತೆಯೂ ಇಲ್ಲ. ಬೀದಿ ವ್ಯಾಪಾರವು, ಯಾವುದೇ ವೃತ್ತಿ ಅಥವಾ ವ್ಯಾಪಾರ ಮಾಡುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಜಿ) ವಿಧಿಯ ಅಡಿಯಲ್ಲಿ ಬರುವ ಹಕ್ಕು, ಅದಕ್ಕೆ ಸಮಂಜಸ ನಿರ್ಬಂಧಗಳನ್ನು ಹೇರಬಹುದು ಎಂದು ಭಾರತದ ಸುಪ್ರೀಂ ಕೋರ್ಟ್ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಸಂಸತ್ತು 2014ರಲ್ಲಿ ಮಾಡಿದ ಬೀದಿ ವ್ಯಾಪಾರಿಗಳ ಕಾಯ್ದೆಯು ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ; ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳು ವ್ಯಾಪಾರಿಗಳದ್ದೇ ಆಗಿರಬೇಕು ಎನ್ನುತ್ತದೆ; ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು ಎನ್ನುತ್ತದೆ. ಜಪ್ತಿಯ ವಿಷಯದಲ್ಲಿ ಅದರ ಮಾತು ಇನ್ನೂ ಖಚಿತವಾಗಿದೆ: ವ್ಯಾಪಾರಿ ಬಂದು ಕೇಳಿದರೆ, ಕೆಡುವ ಸರಕನ್ನು ಅದೇ ದಿನ, ಕೆಡದ ಸರಕನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ನಮ್ಮ ತಾಯಿಯ ತಕ್ಕಡಿ ಹೋದ ಕಾಲಕ್ಕೆ ಈ ಕಾಯ್ದೆ ಇರಲಿಲ್ಲ. ಇಂದು ಇದೆ. ಆದರೂ ಆ ಎರಡು ದಿನಗಳ ನಿಯಮವನ್ನು ನಾನು ಓದಿ ಹೇಳಿದಾಗ, ಅದನ್ನು ಹಿಂದೆ ಕೇಳಿದ್ದೇನೆ ಎಂದ ಒಬ್ಬ ವ್ಯಾಪಾರಿಯೂ ನನಗೆ ಇದುವರೆಗೆ ಸಿಕ್ಕಿಲ್ಲ.

ಹೊರಗಿನ ಉದಾಹರಣೆಗಳೂ ಇವೆ. ವ್ಯಾಪಾರಿಗಳ ಸರಕನ್ನು ವಶಪಡಿಸಿಕೊಂಡು ವಿಲೇವಾರಿ ಮಾಡಲು ಅವಕಾಶ ಕೊಟ್ಟಿದ್ದ ಉಪನಿಯಮವು ಸಂವಿಧಾನಕ್ಕೆ ವಿರುದ್ಧ ಎಂದು ದಕ್ಷಿಣ ಆಫ್ರಿಕಾದ ಡರ್ಬನ್ ಹೈಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಅದೇ ಡರ್ಬನ್‌ನ ವಾರ್ವಿಕ್ ಜಂಕ್ಷನ್‌ನಲ್ಲಿ, ಬಳಕೆಗೆ ಬಾರದೆ ನಿಂತಿದ್ದ ಹೆದ್ದಾರಿಯ ಮೇಲ್ಸೇತುವೆಯೊಂದನ್ನು ಗಿಡಮೂಲಿಕೆ ಮಾರುವವರಿಗೆ ಮಾರುಕಟ್ಟೆಯಾಗಿ ಮಾಡಿಕೊಟ್ಟಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಕಾಯ್ದೆ ಮಾಡಿ, 2019ರ ಜನವರಿ 1ರಿಂದ ಪಾದಚಾರಿ ಮಾರ್ಗದ ವ್ಯಾಪಾರವನ್ನು ಕ್ರಿಮಿನಲ್ ಅಪರಾಧಗಳ ಸಾಲಿನಿಂದ ಕೈಬಿಟ್ಟಿತು. ನಿಯಮ ಮೀರಿದವರಿಗೆ ದಂಡ ಮಾತ್ರ, ಅದನ್ನು ನಿಗದಿ ಮಾಡುವಾಗಲೂ ಕಟ್ಟುವ ಶಕ್ತಿ ಅವರಿಗಿದೆಯೇ ಎಂದು ನೋಡಬೇಕು.

ಜಪ್ತಿ ಇಲ್ಲದಿದ್ದರೆ ವ್ಯಾಪಾರಿಗಳು ಯಾರ ಮಾತನ್ನೂ ಕೇಳುವುದಿಲ್ಲ ಎಂದು ಒಬ್ಬ ಓದುಗರು ಬರೆದಿದ್ದಾರೆ. ನನ್ನ ಅನುಭವ ಬೇರೆ. ನಾನು ಮಾರುತ್ತಿದ್ದ ಕೊನೆಯ ಎರಡು ವರ್ಷ ನಮ್ಮ ರಸ್ತೆಯಲ್ಲಿ ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದರು, ಗೋಡೆಯಿಂದ ಆ ಗೆರೆಯವರೆಗೆ ಮಾತ್ರ ಸರಕು ಎಂಬ ಒಪ್ಪಂದದ ಮೇಲೆ. ಗೆರೆ ದಾಟಿ ಬುಟ್ಟಿ ಇಟ್ಟವರನ್ನು ಪಕ್ಕದವರೇ ಗದರುತ್ತಿದ್ದರು, ಏಕೆಂದರೆ ಒಬ್ಬರ ತಪ್ಪಿಗೆ ಇಡೀ ಸಾಲು ಎದ್ದುಹೋಗಬಹುದೆಂಬುದು ಎಲ್ಲರಿಗೂ ಗೊತ್ತಿತ್ತು. ನಡೆಯುವವರಿಗೆ ಜಾಗ ಉಳಿಯಿತು, ನಮಗೂ ಉಳಿಯಿತು. ಜಪ್ತಿಯ ಕಾಲದಲ್ಲಿ ಆಗುತ್ತಿದ್ದದ್ದೇ ಬೇರೆ: ವಾಹನ ಹೋದ ಅರ್ಧ ಗಂಟೆಯಲ್ಲಿ ಎಲ್ಲರೂ ಮತ್ತೆ ಅಲ್ಲೇ ಕೂರುತ್ತಿದ್ದರು, ಹೊಸ ಸಾಲದ ಸರಕಿನೊಂದಿಗೆ. ಅಸಲು ಹೋದವರಿಗೆ ಮನೆಯಲ್ಲಿ ಕೂರುವ ಅನುಕೂಲ ಎಲ್ಲಿದೆ?

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ರಸ್ತೆಬದಿಯಲ್ಲಿ ಕೂರುವವರು ಕೊಡುವ ಮಾಮೂಲಿಗೆ ಬೆಲೆ ಬರುವುದು ಈ ಜಪ್ತಿಯ ಭಯದಿಂದಲೇ. ತಕ್ಕಡಿಯನ್ನು ಯಾವಾಗ ಬೇಕಾದರೂ, ರಸೀದಿ ಕೊಡದೆ, ಕಾರಣ ಬರೆಯದೆ ಎತ್ತಿಕೊಂಡು ಹೋಗಬಹುದು ಎಂದಿರುವಾಗ, ಎತ್ತದೇ ಇರುವುದಕ್ಕೆ ಪ್ರತಿದಿನ ಸ್ವಲ್ಪ ಕೊಡಿ ಎಂದು ಕೇಳುವುದು ಬಹಳ ಸುಲಭ. ನಮ್ಮ ತಾಯಿ ಸೊಂಟದ ಚೀಲದಲ್ಲಿ ಇದಕ್ಕೆಂದೇ ಬೇರೆ ಚಿಲ್ಲರೆ ಇಟ್ಟುಕೊಳ್ಳುತ್ತಿದ್ದರು. ನಾನು ಲೆಕ್ಕ ಬರೆಯುವ ಅಂಗಡಿಗಳಲ್ಲಿ ತೆರಿಗೆಗೆ ಒಂದು ಕಲಂ ಇದೆ, ಬಾಡಿಗೆಗೆ ಒಂದು ಕಲಂ ಇದೆ. ಆ ಚಿಲ್ಲರೆಯನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ನನಗೆ ಇಂದಿಗೂ ತೋಚಿಲ್ಲ. ಶುಲ್ಕ ಕಟ್ಟಲು ವ್ಯಾಪಾರಿಗಳು ಸಿದ್ಧರಿದ್ದಾರೆ, ಅದಕ್ಕೊಂದು ರಸೀದಿ ಸಿಕ್ಕರೆ ಸಾಕು ಎನ್ನುತ್ತಾರೆ. ರಸೀದಿ ಇದ್ದವರನ್ನು ಯಾರೂ ಸುಮ್ಮನೆ ಎಬ್ಬಿಸಲಾರರು ಎಂಬ ಒಂದೇ ನಂಬಿಕೆಯಿಂದ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ತಪ್ಪು ಜಾಗದಲ್ಲಿ ಕೂತವರಿಗೆ ಮೊದಲು ಬರಹದಲ್ಲಿ ಎಚ್ಚರಿಕೆ ಕೊಡಲಿ, ಆಮೇಲೆ ಅವರ ದಿನದ ದುಡಿಮೆಗೆ ತಕ್ಕ ದಂಡ ಹಾಕಲಿ. ಸರಕನ್ನು ಮುಟ್ಟುವುದು ಬೇಡ. ತಕ್ಕಡಿ, ಬಟ್ಟು, ತಳ್ಳುಗಾಡಿ, ಕೊಡೆ ಇವು ದುಡಿಮೆಯ ಸಾಧನಗಳು. ಬಡಗಿಯ ಉಳಿಯನ್ನು, ದರ್ಜಿಯ ಹೊಲಿಗೆ ಯಂತ್ರವನ್ನು ದಂಡದ ರೂಪದಲ್ಲಿ ಕಿತ್ತುಕೊಳ್ಳುವುದು ಹೇಗೆ ನಮ್ಮ ಮನಸ್ಸಿಗೆ ಒಪ್ಪುವುದಿಲ್ಲವೋ ಹಾಗೆಯೇ ಇವನ್ನೂ ಯಾವ ಕಾರಣಕ್ಕೂ ಒಯ್ಯಬಾರದು. ತುರ್ತಾಗಿ ದಾರಿ ಬಿಡಿಸಲೇಬೇಕಾದ ಸಂದರ್ಭದಲ್ಲಿ ಏನನ್ನಾದರೂ ತೆಗೆದುಕೊಂಡು ಹೋದರೆ, ಏನು, ಎಷ್ಟು, ಎಲ್ಲಿಗೆ ಎಂದು ಬರೆದ ರಸೀದಿಯನ್ನು ಸ್ಥಳದಲ್ಲೇ, ಕನ್ನಡದಲ್ಲಿ, ಕೊಡಲಿ. ಹಿಂದಕ್ಕೆ ಪಡೆಯುವ ಕಿಟಕಿ ಸಂಜೆ ವ್ಯಾಪಾರ ಮುಗಿಯುವವರೆಗೆ ತೆರೆದಿರಲಿ, ಮಧ್ಯಾಹ್ನದ ವ್ಯಾಪಾರ ಬಿಟ್ಟು ಬಂದು ಸಾಲಿನಲ್ಲಿ ನಿಲ್ಲುವಂತಾಗದಿರಲಿ. ಕಾಯ್ದೆಯಲ್ಲಿರುವ ಅದೇ ದಿನದ, ಎರಡು ದಿನದ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಮಾರುಕಟ್ಟೆ ರಸ್ತೆಯಲ್ಲೂ ತೂಗುಹಾಕಲಿ, ಓದಲು ಬಾರದವರಿಗೆ ಧ್ವನಿವರ್ಧಕದಲ್ಲಿ ಹೇಳಲಿ; ತೆರವಿನ ಎಚ್ಚರಿಕೆಯನ್ನು ಹೇಳುವ ಅದೇ ಧ್ವನಿವರ್ಧಕದಲ್ಲಿ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ತೆರವು ಕಾರ್ಯಾಚರಣೆಯ ಸುದ್ದಿಯಲ್ಲಿ ಎಷ್ಟು ಗಾಡಿ ಸರಕು ವಶಪಡಿಸಿಕೊಂಡರು ಎಂದು ಬರೆಯುತ್ತೀರಿ. ಅದರಲ್ಲಿ ಎಷ್ಟು ಹಿಂದಿರುಗಿತು, ಎಷ್ಟು ದಿನಗಳ ನಂತರ ಹಿಂದಿರುಗಿತು ಎಂಬುದನ್ನೂ ಕೇಳಿ ಬರೆಯಿರಿ. ನಮ್ಮ ತಾಯಿಯ ತಕ್ಕಡಿ ಈಗ ನನ್ನ ಮನೆಯಲ್ಲಿದೆ. ದಂಡಿಗೆಯನ್ನು ನೇರ ಮಾಡಿಸಿದ್ದೇನೆ. ಅರ್ಧ ಕಿಲೋ ಬಟ್ಟು ಇಂದಿಗೂ ಸಿಕ್ಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬೀದಿಬದಿಯಲ್ಲಿ ಏಳು ವರ್ಷ ಮಾರಿದ ಒಬ್ಬ ಓದುಗ